ಪುಟಕ್ಕೆ ಬೀಗ, ಬರೆದವಳಿಗೆ ಬುದ್ಧಿಮಾತು

ಅಂತರ್ಜಾಲದಲ್ಲಿ ಒಬ್ಬ ನಿಮ್ಮ ಬೆನ್ನು ಬಿದ್ದು ಕಾಡತೊಡಗಿದ ಎಂದಿಟ್ಟುಕೊಳ್ಳಿ. ಜೊತೆಯವರಿಗೆ ಹೇಳಿಕೊಂಡರೆ ಸಿಗುವ ಮೊದಲ ಸಲಹೆ ಗೊತ್ತಿದ್ದದ್ದೇ: ತಲೆ ಕೆಡಿಸಿಕೊಳ್ಳಬೇಡಿ, ಉತ್ತರ ಕೊಡಬೇಡಿ. ಉತ್ತರ ಕೊಟ್ಟಷ್ಟೂ ಅವನಿಗೆ ಹುರುಪು, ಸುಮ್ಮನಿದ್ದರೆ ಒಂದು ದಿನ ತಾನೇ ಬೇಸತ್ತು ಹೋಗುತ್ತಾನೆ. ನಾಯಿ ಬೊಗಳಿದರೆ ದೇವಲೋಕ ಹಾಳಾಗುತ್ತದೆಯೇ ಎಂಬ ಗಾದೆಯೂ ಹಿಂದೆಯೇ ಬರುತ್ತದೆ. ಹೀಗೆ ಹೇಳುವವರು ಕೆಟ್ಟವರಲ್ಲ. ರಾತ್ರಿ ಊಟ ಮುಗಿಸಿ, ಒಂದು ಕಾಸಿನ ಆಸೆಯಿಲ್ಲದೆ, ವಿಶ್ವಕೋಶಕ್ಕೆ ಲೇಖನ ಬರೆಯುವವರು, ತಂತ್ರಾಂಶದ ದೋಷ ತಿದ್ದುವವರು, ನಕ್ಷೆಗೆ ತಮ್ಮೂರಿನ ಕೆರೆ ಕಟ್ಟೆ ಸೇರಿಸುವವರು ಇವರೇ. ಇಂಥ ಸ್ವಯಂಸೇವಾ ಸಮುದಾಯಗಳಲ್ಲಿ ಈ ಸಲಹೆ ವಿವೇಕದ ಮಾತೆಂದೇ ಚಲಾವಣೆಯಲ್ಲಿದೆ. ನಾನು ಅದನ್ನು ಕೆಲಸಗಳ್ಳತನ ಎನ್ನುತ್ತೇನೆ. ಎಲ್ಲರೂ ಸೇರಿ ಮಾಡಬೇಕಾದ ಕೆಲಸವನ್ನು ಪೆಟ್ಟು ತಿಂದವರ ಹೆಗಲಿಗೇ ಏರಿಸಿ, ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು.

ವಿಕಿಪೀಡಿಯವನ್ನೇ ನೋಡೋಣ. ಅದರ ಜಗಳಗಳು ಬಹುಪಾಲು ಎಲ್ಲರ ಕಣ್ಣೆದುರೇ ನಡೆಯುವುದರಿಂದ ಮಾತಾಡಲು ಸುಲಭ. ಇಂಗ್ಲಿಷ್ ವಿಕಿಪೀಡಿಯದ ಒಂದು ಲೇಖನದೊಳಗೆ ಯಾರಾದರೂ ಬೈಗುಳ ತುರುಕಿದರೆ ಕ್ಲೂಬಾಟ್ ಎನ್‌ಜಿ ಎಂಬ ಬಾಟ್ (ತಾನಾಗಿಯೇ ಕೆಲಸ ಮಾಡುವ ತಂತ್ರಾಂಶ) ಅದನ್ನು ಎಷ್ಟೋ ಸಲ ಸೆಕೆಂಡುಗಳಲ್ಲೇ ಕಿತ್ತು ಹಾಕುತ್ತದೆ. ಅದರ ಕಣ್ಣು ತಪ್ಪಿಸಿದ್ದನ್ನು ‘ಇತ್ತೀಚಿನ ಬದಲಾವಣೆಗಳು’ ಪುಟ ಕಾಯುತ್ತ ಕೂತ ಸ್ವಯಂಸೇವಕರು ಹಿಡಿಯುತ್ತಾರೆ. ಕಿಡಿಗೇಡಿತನ ಮರುಕಳಿಸಿದರೆ ನಿರ್ವಾಹಕರು ಪುಟವನ್ನೇ ಸಂರಕ್ಷಿಸುತ್ತಾರೆ. ಪುಟದ ತಲೆಯ ಮೇಲೆ ಪುಟ್ಟದೊಂದು ಬೀಗದ ಚಿತ್ರ ಬಂದು ಕೂರುತ್ತದೆ. ಲೇಖನದ ವಿಷಯದಲ್ಲಿ ‘ಬಿಡಿ, ಬೇಸತ್ತು ಹೋಗುತ್ತಾನೆ’ ಎಂದು ಯಾರೂ ಹೇಳಿದ್ದಿಲ್ಲ. ಆ ಲೇಖನ ಬರೆದವಳ ಬೆನ್ನಿಗೆ ಅದೇ ಮನುಷ್ಯ ಬಿದ್ದಾಗ ಮಾತ್ರ ಅದು ಇಬ್ಬರ ನಡುವಿನ ಖಾಸಗಿ ವಿಚಾರ.

ಅವಳ ಚರ್ಚೆಪುಟದಲ್ಲಿ ಯಾರೋ ಅನಾಮಿಕ ಬಂದು ಅಶ್ಲೀಲ ಬರೆದರೆ ಅದನ್ನೂ ಅಳಿಸುತ್ತಾರೆ, ಸುಳ್ಳು ಹೇಳಬಾರದು. ಬೀದಿ ಪುಂಡನನ್ನು ಓಡಿಸುವ ವಿದ್ಯೆ ಈ ಸಮುದಾಯಕ್ಕೆ ಚೆನ್ನಾಗಿ ಗೊತ್ತು. ಕೈಕಟ್ಟಿ ನಿಲ್ಲುವುದು ನಿಯಮ ಬಲ್ಲವನ ಕಾಟದ ಮುಂದೆ. ವಿಕಿಪೀಡಿಯದಲ್ಲಿ ಪ್ರತಿಯೊಬ್ಬ ಸದಸ್ಯರ ಕಾಣಿಕೆಗಳ ಪಟ್ಟಿ ಬಹಿರಂಗವಾಗಿರುತ್ತದೆ: ಯಾವ ಪುಟ, ಯಾವ ಬದಲಾವಣೆ, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ. ಪಾರದರ್ಶಕತೆಗೆಂದು ಮಾಡಿದ ಏರ್ಪಾಡು. ಕಾಡುವವನ ಕೈಗೆ ಅದೇ ನಕಾಶೆ. ಅವಳು ಎಷ್ಟು ಹೊತ್ತಿಗೆ ಕೂರುತ್ತಾಳೆ, ಎಷ್ಟು ಹೊತ್ತಿಗೆ ಮಲಗುತ್ತಾಳೆ, ಯಾವ ಊರಿನ ಬಗ್ಗೆ ಮತ್ತೆ ಮತ್ತೆ ಬರೆಯುತ್ತಾಳೆ ಎಂಬುದನ್ನೆಲ್ಲ ಅದರಿಂದ ಲೆಕ್ಕ ಹಾಕಬಹುದು. ಅವಳು ಮುಟ್ಟಿದ ಪುಟವನ್ನೆಲ್ಲ ಅವನೂ ಮುಟ್ಟುತ್ತಾನೆ. ಒಂದು ಕಡೆ ‘ಉಲ್ಲೇಖ ಬೇಕು’ ಎಂಬ ಚೀಟಿ, ಇನ್ನೊಂದು ಕಡೆ ಅಳಿಸುವ ಪ್ರಸ್ತಾವ, ಮಗದೊಂದು ಕಡೆ ಅಲ್ಪವಿರಾಮದ ತಕರಾರು. ಒಂದೊಂದಾಗಿ ನೋಡಿದರೆ ಎಲ್ಲವೂ ನಿಯಮದಂತೆಯೇ ಇದೆ, ಒಂದು ಕೆಟ್ಟ ಪದವಿಲ್ಲ. ಒಟ್ಟಾಗಿ ನೋಡುವವರು ಯಾರು?

ನೋಡಬೇಕಾದ ಜಾಗ ಒಂದಿದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥ ದೂರು ಹೋಗುವುದು ನಿರ್ವಾಹಕರ ಸೂಚನಾ ಫಲಕಕ್ಕೆ. ಅಲ್ಲಿಗೆ ಹೋಗುವವಳು ಬರಿಗೈಯಲ್ಲಿ ಹೋಗುವಂತಿಲ್ಲ. ಅವನು ಮಾಡಿದ ಒಂದೊಂದು ಬದಲಾವಣೆಗೂ ‘ಡಿಫ್’ ಎಂಬ ಕೊಂಡಿ ಕೊಡಬೇಕು. ಅಂದರೆ ಅವನು ತಿಂಗಳುಗಟ್ಟಲೆ ಮಾಡಿದ್ದನ್ನೆಲ್ಲ ಅವಳು ಇನ್ನೊಮ್ಮೆ ಕೂತು ಓದಬೇಕು. ದೂರು ಹಾಕಿದ ಕೂಡಲೇ ಆರೋಪಿಯ ಚರ್ಚೆಪುಟಕ್ಕೆ ಹೋಗಿ ‘ನಿನ್ನ ಮೇಲೆ ದೂರು ಕೊಟ್ಟಿದ್ದೇನೆ’ ಎಂದು ಅವಳೇ ತಿಳಿಸಬೇಕು, ಅದು ಕಡ್ಡಾಯ. ಇ-ಮೇಲ್‌ನಲ್ಲಿ ಬಂದ ಬೆದರಿಕೆಯನ್ನು ಅಲ್ಲಿ ಅಂಟಿಸುವಂತಿಲ್ಲ. ಅವನ ನಿಜವಾದ ಗುರುತು ಸೂಚಿಸುವ ಏನನ್ನಾದರೂ ಬರೆದರೆ ನಿಯಮ ಮುರಿದವಳು ಅವಳೇ. ಅಷ್ಟರಲ್ಲಿ ದಾರಿಹೋಕರು ಸೇರುತ್ತಾರೆ. ಒಬ್ಬ ಅವಳ ಹಳೆಯ ಜಗಳ ಅಗೆದು ತೆಗೆಯುತ್ತಾನೆ; ಮತ್ತೊಬ್ಬ ಇದು ‘ಕಂಟೆಂಟ್ ವಿವಾದ’ ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಾನೆ. ದೂರು ಕೊಟ್ಟವರಿಗೇ ತಿರುಗಿ ಬಡಿಯುವುದು ಎಷ್ಟು ಮಾಮೂಲಿ ಎಂದರೆ ಅದಕ್ಕೆ ಅಲ್ಲಿ ‘ಬೂಮರಾಂಗ್’ ಎಂದೇ ಹೆಸರಿದೆ, ಅದರ ಬಗ್ಗೆ ಒಂದು ಪುಟವೂ ಇದೆ. ಯಾರೂ ಏನೂ ಹೇಳದೆ 72 ಗಂಟೆ ಕಳೆದರೆ ಇನ್ನೊಂದು ಬಾಟ್ ಬಂದು ದೂರನ್ನು ಕಡತಕ್ಕೆ ಸೇರಿಸುತ್ತದೆ. ತೀರ್ಮಾನವೇ ಇಲ್ಲ. ಅವಳು ದೂರು ಕೊಟ್ಟಿದ್ದಳು ಎಂಬ ದಾಖಲೆ ಮಾತ್ರ ಹಾಗೇ ಉಳಿಯುತ್ತದೆ, ಹುಡುಕಿದವರಿಗೆಲ್ಲ ಸಿಗುವಂತೆ.

ಇಷ್ಟಾದ ಮೇಲೂ ‘ಸುಮ್ಮನಿದ್ದರೆ ಸರಿಹೋಗುತ್ತದೆ’ ಎನ್ನುವವರಿಗೆ ಒಂದು ಲೆಕ್ಕ. 2015ರಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಮಾಡಿದ ಕಿರುಕುಳ ಸಮೀಕ್ಷೆಗೆ 3,845 ಮಂದಿ ಉತ್ತರಿಸಿದ್ದರು. ಅವರಲ್ಲಿ ಶೇ. 38ರಷ್ಟು ಮಂದಿ ತಮಗೆ ಕಿರುಕುಳವಾಗಿದೆ ಎಂದು ಖಚಿತವಾಗಿ ಹೇಳಿದರು. ಕಿರುಕುಳಕ್ಕೆ ಸಿಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದಾದ ಮೇಲೆ ತಮ್ಮ ಕೆಲಸವನ್ನು ಕಡಿಮೆ ಮಾಡಿದ್ದರು. ನೊಂದವರೇ ಇಂಥ ಸಮೀಕ್ಷೆಗೆ ಮುಗಿಬಿದ್ದು ಉತ್ತರಿಸುತ್ತಾರೆ, ಆದ್ದರಿಂದ ಅಂಕಿ ಉಬ್ಬಿದೆ ಎಂದು ಆಗಲೇ ಹಲವರು ಮೂಗು ಮುರಿದರು. ಇರಬಹುದು. ಆದರೆ ಅಷ್ಟರಲ್ಲಾಗಲೇ ಖಾತೆ ಮುಚ್ಚಿ ಎದ್ದುಹೋದವರು ಆ ಸಮೀಕ್ಷೆಗೆ ಸಿಕ್ಕಿರುತ್ತಾರೆಯೇ? ಸುಮ್ಮನಿದ್ದುದಕ್ಕೆ ಅವನು ತಣ್ಣಗಾದ ಎಂದು ನಾವು ಖುಷಿಪಡುವಾಗ, ತಣ್ಣಗಾದದ್ದು ಅವನೋ ಅವಳೋ ಎಂದು ಯಾರೂ ತಿರುಗಿ ನೋಡುವುದಿಲ್ಲ. ಹೊರಟವರು ಬಾಗಿಲು ಬಡಿದು ಹೋಗುವುದಿಲ್ಲ. ಕಾಣಿಕೆಗಳ ಪಟ್ಟಿ ಒಂದು ತಾರೀಖಿಗೆ ನಿಂತಿರುತ್ತದೆ, ಅಷ್ಟೆ.

ಈ ಸಲಹೆಯ ಪರವಾಗಿ ಸದಾ ಎತ್ತಿ ಹಿಡಿಯುವ ಒಂದು ಕಥೆಯಿದೆ, ನಿಜವಾದ ಕಥೆ. ಅಮೆರಿಕದ ಎಮಿಲಿ ಟೆಂಪಲ್-ವುಡ್ ಆಗ ವಿಜ್ಞಾನದ ವಿದ್ಯಾರ್ಥಿನಿ. ಚಿಕ್ಕ ವಯಸ್ಸಿನಿಂದಲೇ ವಿಕಿಪೀಡಿಯಕ್ಕೆ ಬರೆಯುತ್ತಿದ್ದವರು, 2012ರಲ್ಲಿ ಮಹಿಳಾ ವಿಜ್ಞಾನಿಗಳ ಲೇಖನಗಳಿಗಾಗಿಯೇ ಒಂದು ಯೋಜನೆ ಕಟ್ಟಿದವರು. ಹೆಸರು ಬಂದಂತೆ ಅಂಚೆಪೆಟ್ಟಿಗೆಗೆ ಅಶ್ಲೀಲ ಇ-ಮೇಲ್‌ಗಳೂ ಬರತೊಡಗಿದವು. ಅವರು ಒಂದು ಶಪಥ ಮಾಡಿದರು: ಬರುವ ಪ್ರತಿ ಕೊಳಕು ಇ-ಮೇಲ್‌ಗೂ ಒಬ್ಬ ಮಹಿಳಾ ವಿಜ್ಞಾನಿಯ ಬಗ್ಗೆ ಒಂದು ಲೇಖನ. 2016ರಲ್ಲಿ ಇಟಲಿಯ ಎಸಿನೊ ಲಾರಿಯೊದಲ್ಲಿ ನಡೆದ ವಿಕಿಮೇನಿಯಾ ಸಮ್ಮೇಳನದಲ್ಲಿ ಅವರನ್ನು ವರ್ಷದ ವಿಕಿಪೀಡಿಯನ್ ಎಂದು ಗೌರವಿಸಲಾಯಿತು, ರೋಸಿ ಸ್ಟೀಫನ್ಸನ್-ಗುಡ್‌ನೈಟ್ ಅವರ ಜೊತೆಗೆ. ಪತ್ರಿಕೆಗಳು ಹಾಡಿ ಹೊಗಳಿದವು. ಟೆಂಪಲ್-ವುಡ್ ಅವರ ಛಲಕ್ಕೆ ನಾನೂ ಕೈಮುಗಿಯುತ್ತೇನೆ. ಆದರೆ ಆ ಹೊಗಳಿಕೆಯನ್ನು ಓದುವಾಗ ಮೈ ಉರಿಯುತ್ತದೆ. ಒಬ್ಬ ವಿದ್ಯಾರ್ಥಿನಿಗೆ ವರ್ಷಗಟ್ಟಲೆ ಅಂಥ ಪತ್ರ ಬರುತ್ತಿದ್ದವು ಎಂಬುದು ಯಾರಿಗೂ ಸುದ್ದಿಯಾಗಲಿಲ್ಲ. ಅವಳು ಅದನ್ನು ನುಂಗಿಕೊಂಡು ಇನ್ನಷ್ಟು ದುಡಿದಳು ಎಂಬುದೇ ಸುದ್ದಿ. ಸಮುದಾಯಕ್ಕೆ ಲೇಖನವೂ ಸಿಕ್ಕಿತು, ಹೇಳಿಕೊಳ್ಳಲು ಒಬ್ಬ ನಾಯಕಿಯೂ ಸಿಕ್ಕಳು. ಅಷ್ಟು ಛಲವಿಲ್ಲದ ಉಳಿದವರು? ಅವರಿಗೆ ಈ ಕಥೆ ಇನ್ನೊಂದು ಬುದ್ಧಿಮಾತು: ನೋಡಿ, ಅವರು ಹೇಗೆ ಎದುರಿಸಿದರು, ನಿಮಗೇನು ಕಷ್ಟ?

ಛಲ ಬೇರೆ ರೀತಿಯಲ್ಲಿ ತೋರಿದವರಿಗೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಜಗಳಗಳಿಗೆ ಕೊನೆಯ ತೀರ್ಪು ಕೊಡುವ ಪಂಚಾಯಿತಿ ಮಂಡಳಿಯ ಮುಂದೆ ಬಂದ ಪ್ರಕರಣವೊಂದರಲ್ಲಿ, ಸಂಪಾದಕಿಯೊಬ್ಬರದೆಂದು ಹೇಳಿ ಅಶ್ಲೀಲ ಚಿತ್ರಗಳನ್ನು ಬೇರೆ ಜಾಲತಾಣಗಳಲ್ಲಿ ಹಂಚಲಾಗಿತ್ತು. ಆಕೆ ಸುಮ್ಮನಿರಲಿಲ್ಲ. ಜಗಳವಾಡಿದರು, ಬೆನ್ನಟ್ಟಿದರು, ದೂರಿನ ಮೇಲೆ ದೂರು ಕೊಟ್ಟರು. ಕೊನೆಗೆ ಮಂಡಳಿ ಆಕೆಯ ಇತರ ವರ್ತನೆಯ ಪಟ್ಟಿ ಮಾಡಿ ಆಕೆಯನ್ನೇ ತಾಣದಿಂದ ನಿಷೇಧಿಸಿತು. ‘ದಿ ಅಟ್ಲಾಂಟಿಕ್’ ಪತ್ರಿಕೆ ಆ ವರ್ಷದ ಅಕ್ಟೋಬರ್‌ನಲ್ಲಿ ಇದನ್ನು ವಿವರವಾಗಿ ಬರೆಯಿತು. ಆಕೆ ಜಗಳಗಂಟಿಯಾಗಿದ್ದರೇ? ಇದ್ದಿರಬಹುದು. ತನ್ನ ಹೆಸರಿಗೆ ಅಂಥ ಚಿತ್ರ ಅಂಟಿಸಿದ ಮೇಲೂ ಮೃದುವಾಗಿ ಮಾತಾಡುವವರು ಯಾವ ಊರಿನಲ್ಲಿದ್ದಾರೆ? ಒಂದೇ ಕೈಯಿಂದ ಚಪ್ಪಾಳೆಯಾಗುವುದಿಲ್ಲ ಎಂಬ ತರ್ಕ ಇಲ್ಲಿ ಬಹಳ ಅನುಕೂಲಕ್ಕೆ ಬರುತ್ತದೆ. ಕಪಾಳಮೋಕ್ಷಕ್ಕೂ ಸದ್ದು ಬರುತ್ತದೆ, ಅದಕ್ಕೆ ಒಂದೇ ಕೈ ಸಾಕು.

ಇನ್ನೊಂದು ವಾದ ಇದಕ್ಕಿಂತ ಜಾಣತನದ್ದು. ಅವನು ಒರಟ, ಒಪ್ಪುತ್ತೇವೆ. ಆದರೆ ಎಂಥ ಕೆಲಸಗಾರ! ಅವನಿಲ್ಲದಿದ್ದರೆ ಈ ಯೋಜನೆ ನಿಂತೇ ಹೋಗುತ್ತದೆ. ಹಾಲು ಕೊಡುವ ಹಸು ಒದ್ದರೂ ಸಹಿಸಿಕೊಳ್ಳಬೇಕಲ್ಲವೇ. ಇದನ್ನು ಪರೀಕ್ಷೆಗೆ ಒಡ್ಡಿದ ಒಂದು ಸಂದರ್ಭ ಕಣ್ಣೆದುರಿಗಿದೆ. ಲಿನಕ್ಸ್ ಕರ್ನಲ್ ಎಂಬ ತಂತ್ರಾಂಶ ಬರೆಯುವವರ ಬಳಗದಲ್ಲಿ (ಅಲ್ಲೀಗ ಹೆಚ್ಚಿನವರು ಕಂಪನಿಗಳ ಸಂಬಳದವರು, ಆದರೂ ಸಂಸ್ಕೃತಿ ಸ್ವಯಂಸೇವಕರ ಕಾಲದ್ದೇ) ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಅವರ ಬೈಗುಳದ ಇ-ಮೇಲ್‌ಗಳು ದಂತಕಥೆಯಾಗಿದ್ದವು. ಅವನ್ನು ಗುಣಮಟ್ಟದ ಗುಟ್ಟು ಎಂದೇ ಸಮರ್ಥಿಸುವವರಿದ್ದರು. 2018ರ ಸೆಪ್ಟೆಂಬರ್‌ನಲ್ಲಿ ಅವರೇ ಕ್ಷಮೆ ಕೇಳಿ ಕೆಲಕಾಲ ದೂರ ಸರಿದರು. ಅದೇ ಹೊತ್ತಿಗೆ ಯೋಜನೆ ಹೊಸ ನಡತೆ ಸಂಹಿತೆಯನ್ನು ಒಪ್ಪಿಕೊಂಡಿತು. ಇನ್ನು ಲಿನಕ್ಸ್ ಕಥೆ ಮುಗಿಯಿತು, ಪ್ರತಿಭಾವಂತರೆಲ್ಲ ಗಂಟುಮೂಟೆ ಕಟ್ಟುತ್ತಾರೆ ಎಂದು ಜಾಲದ ತುಂಬ ಬೊಬ್ಬೆ. ಟೊರ್ವಾಲ್ಡ್ಸ್ ಜಾಗದಲ್ಲಿ ನಿಂತ ಗ್ರೆಗ್ ಕ್ರೋ-ಹಾರ್ಟ್‌ಮನ್ 2018ರ ಅಕ್ಟೋಬರ್ 22ರಂದು 4.19ನೆಯ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಟೊರ್ವಾಲ್ಡ್ಸ್ ವಾಪಸು ಬಂದರು. ಅಂದಿನಿಂದ ಇಂದಿನವರೆಗೆ ಒಂಬತ್ತು ಹತ್ತು ವಾರಕ್ಕೊಂದು ಆವೃತ್ತಿ ಬರುತ್ತಲೇ ಇದೆ. ಒದೆಯಿಲ್ಲದೆಯೂ ಹಾಲು ಕರೆಯಬಹುದು ಎಂದಾಯಿತು.

ಸಮುದಾಯ ತನ್ನ ಮನೆಯ ಜಗಳ ತಾನೇ ಬಗೆಹರಿಸಿಕೊಳ್ಳುತ್ತದೆ, ಹೊರಗಿನವರು ಮೂಗು ತೂರಿಸಬಾರದು ಎಂಬುದು ಎಲ್ಲಕ್ಕಿಂತ ಗಟ್ಟಿ ನಂಬಿಕೆ. 2019ರ ಜೂನ್ 10ರಂದು ವಿಕಿಮೀಡಿಯ ಪ್ರತಿಷ್ಠಾನ ಇಂಗ್ಲಿಷ್ ವಿಕಿಪೀಡಿಯದ ಹಳೆಯ ನಿರ್ವಾಹಕರೊಬ್ಬರನ್ನು ಒಂದು ವರ್ಷ ನಿಷೇಧಿಸಿದಾಗ ಈ ನಂಬಿಕೆ ರಸ್ತೆಗಿಳಿಯಿತು. ಪ್ರತಿಷ್ಠಾನ ಸಾಕ್ಷ್ಯ ಬಹಿರಂಗಪಡಿಸಲಿಲ್ಲ, ದೂರುದಾರರ ಹೆಸರು ಹೇಳಲಿಲ್ಲ, ಮೇಲ್ಮನವಿಗೆ ದಾರಿಯನ್ನೂ ಇಡಲಿಲ್ಲ. ಅದು ತಪ್ಪೇ. ಆರೋಪವೇನೆಂದು ತಿಳಿಯದೆ ಶಿಕ್ಷೆ ಅನುಭವಿಸುವುದನ್ನು ಯಾರೂ ಒಪ್ಪಬಾರದು. ಆದರೆ ಅದಾದ ಮೇಲೆ ನಡೆದದ್ದನ್ನು ನೋಡಿ. ಸುಮಾರು ಇಪ್ಪತ್ತು ನಿರ್ವಾಹಕರು ರಾಜೀನಾಮೆ ಕೊಟ್ಟರು. ಕೆಲವರು ಪ್ರತಿಷ್ಠಾನದ ಆದೇಶ ಧಿಕ್ಕರಿಸಿ ನಿಷೇಧ ತೆರವು ಮಾಡಿದರು. ಜೊತೆಗೆ ದೂರು ಕೊಟ್ಟವರು ಯಾರಿರಬಹುದು ಎಂಬ ಬೇಟೆಯೂ ಶುರುವಾಯಿತು; ಊಹೆಯ ಮೇಲೆ ಮಹಿಳೆಯೊಬ್ಬರ ಹೆಸರು ಎಳೆದು ತಂದು ಜಾಲಾಡಿದರು. ಹೆಸರು ಮುಚ್ಚಿಟ್ಟದ್ದು ಏಕೆ ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕೇ? ಸೆಪ್ಟೆಂಬರ್‌ನಲ್ಲಿ ಸಮುದಾಯವೇ ಆರಿಸಿದ ಪಂಚಾಯಿತಿ ಮಂಡಳಿ ನಿಷೇಧ ರದ್ದು ಮಾಡಿತು, ಆದರೆ ನಿರ್ವಾಹಕನ ಅಧಿಕಾರ ಕಿತ್ತುಕೊಂಡದ್ದನ್ನು ಹಾಗೇ ಉಳಿಸಿತು. ಅಂದರೆ ದೂರಿನಲ್ಲಿ ಹುರುಳಿತ್ತು ಎಂದು ಅವರದೇ ಪಂಚರು ಒಪ್ಪಿದಂತಾಯಿತು. ಇಷ್ಟು ವರ್ಷ ಆ ಪಂಚರು ಎಲ್ಲಿದ್ದರು ಎಂದು ಕೇಳಿದವರು ಕಡಿಮೆ.

ಕಾಟ ಹೊರಗಿನಿಂದ ಬಂದಾಗ ಇದೇ ಜನ ಹೇಗೆ ಎದ್ದು ನಿಲ್ಲುತ್ತಾರೆ! 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸಂಪಾದಕರ ವಿವರ ಕೊಡಿ ಎಂದು ದೆಹಲಿ ಹೈಕೋರ್ಟ್ ಪ್ರತಿಷ್ಠಾನಕ್ಕೆ ಆದೇಶಿಸಿದಾಗ, ಕೊಡಬೇಡಿ ಎಂದು ನೂರಾರು ಸಂಪಾದಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಸರಿಯಾದ ಕೆಲಸವನ್ನೇ ಮಾಡಿದರು. 2022ರ ಮಾರ್ಚ್‌ನಲ್ಲಿ ಬೆಲಾರುಸ್‌ನ ಸಂಪಾದಕರೊಬ್ಬರ ವಿವರ ಟೆಲಿಗ್ರಾಂನಲ್ಲಿ ಬಯಲಾಗಿ ಮಿನ್ಸ್ಕ್‌ನಲ್ಲಿ ಅವರ ಬಂಧನವೇ ಆಗಿತ್ತು. ಗುರುತು ಬಯಲಾಗುವುದರ ಬೆಲೆ ಏನೆಂದು ಸಹಿ ಹಾಕಿದವರಿಗೆ ಗೊತ್ತಿತ್ತು. ಸರ್ಕಾರ, ಕೋರ್ಟು, ಸುದ್ದಿಸಂಸ್ಥೆ ಎದುರಿಗಿದ್ದಾಗ ‘ನಿರ್ಲಕ್ಷಿಸಿ’ ಎನ್ನದವರು, ಎದುರಿಗಿರುವವನು ಹತ್ತು ವರ್ಷದ ಒಡನಾಡಿಯಾದಾಗ ಮಾತ್ರ ಗಾದೆ ಹೇಳುತ್ತಾರೆ.

ಸ್ವಯಂ ಆಡಳಿತ ಹದಗೆಟ್ಟರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕ್ರೊಯೇಶಿಯನ್ ಭಾಷೆಯ ವಿಕಿಪೀಡಿಯ ತೋರಿಸಿಕೊಟ್ಟಿತು. ಸುಮಾರು 2011ರಿಂದ 2020ರವರೆಗೆ ಕೆಲವೇ ನಿರ್ವಾಹಕರ ಗುಂಪು ಅದನ್ನು ಕೈವಶ ಮಾಡಿಕೊಂಡಿತ್ತು. ತೀವ್ರ ಬಲಪಂಥೀಯ ಇತಿಹಾಸ ಬರೆಯಿತು, ತಕರಾರು ತೆಗೆದವರನ್ನು ಬ್ಲಾಕ್ ಮಾಡಿ ಅಟ್ಟಿತು. ದೂರುಗಳು ಹೋಗುತ್ತಲೇ ಇದ್ದವು. ಅದು ಆ ಸಮುದಾಯದ ಒಳವಿಚಾರ ಎಂದು ವರ್ಷಗಟ್ಟಲೆ ಕೈಬಿಟ್ಟ ಮೇಲೆ, 2021ರಲ್ಲಿ ಪ್ರತಿಷ್ಠಾನ ವರದಿ ಪ್ರಕಟಿಸಿತು. ಇದು ಹೊಸ ಪಾಠವೂ ಅಲ್ಲ: ಯಜಮಾನನಿಲ್ಲದ ಗುಂಪಿನಲ್ಲಿ ಯಜಮಾನಿಕೆ ಇರುವುದಿಲ್ಲ ಎಂಬುದು ಭ್ರಮೆ, ಅದು ಕಣ್ಣಿಗೆ ಕಾಣದಂತೆ ಕೂತಿರುತ್ತದೆ ಎಂದು ಅಮೆರಿಕದ ಸ್ತ್ರೀವಾದಿ ಜೋ ಫ್ರೀಮನ್ ಕಂಪ್ಯೂಟರುಗಳು ಮನೆಗೆ ಬರುವ ಮೊದಲೇ, 1970ರ ದಶಕದ ಆರಂಭದಲ್ಲೇ, ತಮ್ಮದೇ ಚಳವಳಿಯ ಗೆಳತಿಯರಿಗೆ ಬರೆದು ಎಚ್ಚರಿಸಿದ್ದರು.

‘ಸ್ವಾಮಿ, ಇದು ಕಚೇರಿಯಲ್ಲ, ಯಾರಿಗೂ ಸಂಬಳವಿಲ್ಲ, ಯಾರನ್ನು ಯಾರು ಕೇಳುವುದು’ ಎನ್ನುವವರಿಗೆ ನಮ್ಮ ದೇಶದ್ದೇ ಉತ್ತರವಿದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ‘ಉದ್ಯೋಗಿ’ ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಸಂಬಳವಿಲ್ಲದೆ, ಸ್ವಯಂಸೇವೆಯಾಗಿ ದುಡಿಯುವವರೂ ಸೇರಿದ್ದಾರೆ. ಆ ಕಾಯ್ದೆಯ ಹಿಂದೆ 1997ರ ವಿಶಾಖಾ ತೀರ್ಪು. ಆ ತೀರ್ಪಿನ ಹಿಂದೆ ರಾಜಸ್ಥಾನದ ಭಟೇರಿಯ ಭಂವರಿ ದೇವಿ, ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಅಲ್ಪ ಗೌರವಧನಕ್ಕೆ ದುಡಿಯುತ್ತಿದ್ದ ‘ಸಾಥಿನ್’. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ವಿಕಿಪೀಡಿಯದ ಚರ್ಚೆಪುಟಕ್ಕೆ ಈ ಕಾಯ್ದೆ ನೇರವಾಗಿ ಅನ್ವಯಿಸುತ್ತದೆ ಎಂದು ನಾನು ವಾದಿಸುತ್ತಿಲ್ಲ. ಭಂವರಿ ದೇವಿಗೆ ಆದದ್ದನ್ನು ಇ-ಮೇಲ್ ಬೆದರಿಕೆಯ ಜೊತೆ ತೂಗುವ ಅವಿವೇಕವೂ ನನಗಿಲ್ಲ. ಹೇಳುತ್ತಿರುವುದು ಇಷ್ಟೆ: ಸಂಬಳವಿಲ್ಲ ಎಂಬ ನೆಪ ನಮ್ಮ ಕಾನೂನಿಗೇ ಪಥ್ಯವಾಗಿಲ್ಲ. ಸಂಬಳ ಕೊಡದ ಸಂಸ್ಥೆಗೆ ತನ್ನ ಜನರನ್ನು ಉಳಿಸಿಕೊಳ್ಳಲು ಗೌರವ ಬಿಟ್ಟರೆ ಬೇರೇನಿದೆ?

ಸುಳ್ಳು ದೂರಿನ ಭಯ ಇದ್ದೇ ಇದೆ. ನಾಳೆ ಯಾರೋ ಒಂದು ಉಲ್ಲೇಖ ಕೇಳಿದ್ದಕ್ಕೆ ಕಿರುಕುಳ ಎಂದು ಕೂಗಿದರೆ? ಕೂಗುತ್ತಾರೆ, ಅಂಥವರೂ ಇದ್ದಾರೆ. ಅದಕ್ಕೇ ಒಂದು ವ್ಯವಸ್ಥೆ ಬೇಕೆಂದು ಹೇಳುತ್ತಿರುವುದು. ಗಾದೆಗೆ ಸುಳ್ಳು ದೂರೂ ಒಂದೇ, ನಿಜವಾದ ದೂರೂ ಒಂದೇ. ಎರಡನ್ನೂ ಅದು ಸುಮ್ಮನಿರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಇಬ್ಬರ ಮಾತನ್ನೂ ಕೇಳಿ, ಕಾರಣ ಬರೆದು, ಮೇಲ್ಮನವಿಗೆ ದಾರಿಯಿಟ್ಟು ತೀರ್ಮಾನಿಸುವವರು ಇದ್ದರೆ ಸುಳ್ಳೂ ಅಲ್ಲೇ ಸಿಕ್ಕಿಬೀಳುತ್ತದೆ. 2021ರ ಫೆಬ್ರವರಿಯಲ್ಲಿ ವಿಕಿಮೀಡಿಯ ತನ್ನ ಎಲ್ಲ ಯೋಜನೆಗಳಿಗೂ ಅನ್ವಯವಾಗುವ ಸಾರ್ವತ್ರಿಕ ನೀತಿ ಸಂಹಿತೆಯನ್ನು ಪ್ರಕಟಿಸಿತು. ಅದನ್ನು ಜಾರಿ ಮಾಡುವ ಮಾರ್ಗಸೂಚಿಗೆ 2023ರ ಆರಂಭದ ಮತದಾನದಲ್ಲಿ ಮುಕ್ಕಾಲು ಭಾಗ ಒಪ್ಪಿಗೆ ಸಿಕ್ಕಿತು, ಮರುವರ್ಷ ಅದರ ಸಮನ್ವಯ ಸಮಿತಿಗೆ ಚುನಾವಣೆಯೂ ಆಯಿತು. ಮೊದಲ ಇಪ್ಪತ್ತು ವರ್ಷ ಕಾಯಬೇಕಿತ್ತೇ ಎಂಬುದು ಬೇರೆ ಮಾತು. ಕಾಗದದ ಮೇಲೆ ಈಗ ದಾರಿಯಿದೆ.

ಕಾಗದದಿಂದ ಕನ್ನಡಕ್ಕೆ ಬರುವ ಹೊತ್ತಿಗೆ ಅದು ಮತ್ತೆ ತೆಳುವಾಗುತ್ತದೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರ ಸಾರ್ವಜನಿಕ ಚರ್ಚೆಯ ಜಾಗಕ್ಕೆ ಅರಳಿಕಟ್ಟೆ ಎಂದು ಹೆಸರಿಟ್ಟವರ ರಸಿಕತೆ ಮೆಚ್ಚಬೇಕಾದ್ದೇ. ಆದರೆ ಅಲ್ಲಿ ಪಂಚಾಯಿತಿ ಮಂಡಳಿಯಿಲ್ಲ, ನಿರ್ವಾಹಕರು ಬೆರಳೆಣಿಕೆಯವರು. ಸಕ್ರಿಯವಾಗಿ ಬರೆಯುವವರ ಸಂಖ್ಯೆ ಎಷ್ಟು ಸಣ್ಣದೆಂದರೆ, ಒಬ್ಬರ ಮೇಲೆ ದೂರು ಕೊಡಬೇಕಾದರೆ ಅವರ ಸ್ನೇಹಿತರಿಗೇ ಕೊಡಬೇಕು. ಮುಂದಿನ ತಿಂಗಳು, ಎಲ್ಲರೂ ಒಟ್ಟಿಗೆ ಸೇರಿ ಲೇಖನ ಬರೆಯುವ ಸಂಪಾದನೋತ್ಸವದಲ್ಲಿ, ಅವರ ಪಕ್ಕದಲ್ಲೇ ಕೂತು ಲ್ಯಾಪ್‌ಟಾಪ್ ತೆರೆಯಬೇಕು. ಜಾಲದ ಹೊರಗೂ ಎಲ್ಲರೂ ಪರಿಚಿತರು. ಇಂಗ್ಲಿಷಿನಲ್ಲಿ ಅನಾಮಿಕತೆಯಾದರೂ ಒಂದು ಗುರಾಣಿ, ಇಲ್ಲಿ ಅದೂ ಇಲ್ಲ. ‘ಬಿಡಿ ಮೇಡಂ, ಅವರ ಸ್ವಭಾವವೇ ಹಾಗೆ, ಹಿರಿಯರು’ ಎಂಬ ಮಾತು ಇಷ್ಟು ಸಣ್ಣ ಬಳಗದಲ್ಲಿ ಎಷ್ಟು ಬೇಗ ತೀರ್ಪಾಗುತ್ತದೆ ಎಂಬುದನ್ನು ಸಾಹಿತ್ಯ ಪರಿಷತ್ತಿನಿಂದ ಹಿಡಿದು ಹವ್ಯಾಸಿ ನಾಟಕ ತಂಡದವರೆಗೆ ಯಾವುದಾದರೂ ಕನ್ನಡ ಸಂಘದಲ್ಲಿ ನಾಲ್ಕು ದಿನ ಓಡಾಡಿದವರಿಗೆ ವಿವರಿಸಬೇಕಾಗಿಲ್ಲ.

ಆದ್ದರಿಂದ ದೊಡ್ಡ ಸಂಹಿತೆಯ ಅನುವಾದಕ್ಕಿಂತ ಮೊದಲು ಸಣ್ಣ ಕೆಲಸಗಳಾಗಲಿ. ಅರಳಿಕಟ್ಟೆಯ ತಲೆಯ ಮೇಲೆ, ಕನ್ನಡದಲ್ಲಿ, ಗುಟ್ಟಾಗಿ ದೂರು ಕೊಡುವುದು ಎಲ್ಲಿಗೆ ಎಂಬ ನಾಲ್ಕು ಸಾಲು ಇರಲಿ. ಒಬ್ಬರ ಹಿಂದೆ ಒಬ್ಬ ಅಲೆಯುತ್ತಿರುವುದು ಕಂಡರೆ ದೂರು ಬರುವವರೆಗೆ ಕಾಯದೆ ನೋಡಿದವರೇ ಡಿಫ್‌ಗಳನ್ನು ಕಲೆಹಾಕಲಿ. ಲೇಖನಕ್ಕೆ ಬಿದ್ದ ಬೈಗುಳವನ್ನು ಲೇಖನವೇ ಬಂದು ದೂರಲಿ ಎಂದು ನಾವೇನೂ ಕಾಯುವುದಿಲ್ಲವಲ್ಲ. ಮುಂದಿನ ಸಂಪಾದನೋತ್ಸವದ ಆಹ್ವಾನದಲ್ಲಿ ಊಟ, ವೈಫೈ, ಪ್ರಮಾಣಪತ್ರದ ವಿವರದ ಪಕ್ಕದಲ್ಲೇ, ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು ಎಂದು ಇಬ್ಬರ ಹೆಸರು, ಫೋನ್ ನಂಬರ್ ಅಚ್ಚಾಗಲಿ. ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ, ಮತ್ತು ಇಬ್ಬರೂ ಆ ಕಾರ್ಯಕ್ರಮದ ಸಂಘಟಕರಾಗಿರಬಾರದು.